ಅಟ್ಟದ ರೀಲನ್ನು ಗುಜರಿಗೆ ಹಾಕಬೇಡಿ



ಮಳೆ ಹಿಡಿಯುವ ಮೊದಲು ದಯವಿಟ್ಟು ಒಮ್ಮೆ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಎಷ್ಟೋ ಮನೆಗಳಿಂದ ಬೊಂಬಾಯಿಗೆ ಹೋಗಿ ಹೋಟೆಲು ಇಟ್ಟವರಿದ್ದಾರೆ, ಗಲ್ಫಿಗೆ ಹೋದವರಿದ್ದಾರೆ. ಎಪ್ಪತ್ತರ ದಶಕದಲ್ಲಿ ಊರಿಗೆ ಬರುವಾಗ ಅಂಥವರಲ್ಲಿ ಕೆಲವರ ಹೆಗಲಲ್ಲಿ ಪುಟ್ಟ ಸಿನೆ ಕ್ಯಾಮೆರಾ ಇರುತ್ತಿತ್ತು. ಮದುವೆ, ಕೋಲ, ಕಂಬಳ, ಗದ್ದೆ ನೇಜಿ, ಕಂಡದ್ದನ್ನೆಲ್ಲ ತೆಗೆದರು. ಆಮೇಲೆ ಕ್ಯಾಮೆರಾ ಯಾರ ಕೈಗೋ ಹೋಯಿತು, ಪ್ರೊಜೆಕ್ಟರ್ ಕೆಟ್ಟಿತು. ರೀಲು ಮಾತ್ರ ಬಿಸ್ಕತ್ತಿನ ಡಬ್ಬದಲ್ಲಿ ಉಳಿಯಿತು.

ನಮ್ಮ ಮನೆಯಲ್ಲೂ ಅಂಥ ನಾಲ್ಕು ರೀಲು ಸಿಕ್ಕಿದವು. ಅವಸರಪಟ್ಟು, ಪ್ರೊಜೆಕ್ಟರ್ ಇದ್ದ ಒಬ್ಬರಲ್ಲಿಗೆ ಓಡಿದೆ. ಗೋಡೆಯ ಮೇಲೆ ಬಾವಿಕಟ್ಟೆ ಬಂತು, ಅಜ್ಜಿ ಹಗ್ಗ ಬಿಟ್ಟು ತಿರುಗಿದರು, ಅಷ್ಟೇ. ಕರಕರ ಸದ್ದು. ಫಿಲ್ಮು ನಿಂತಲ್ಲೇ ನಿಂತು ಬಲ್ಬಿನ ಕಾವಿಗೆ ಗುಳ್ಳೆ ಎದ್ದಿತು. ಅಜ್ಜಿ ಪೂರ್ತಿ ತಿರುಗಿದ ಮುಖ ನಮಗೆ ಸಿಗಲೇ ಇಲ್ಲ. ತಪ್ಪು ಪ್ರೊಜೆಕ್ಟರಿನವರದ್ದಲ್ಲ, ನನ್ನದೇ.

ಆದ್ದರಿಂದ ಮೊದಲ ವಿನಂತಿ: ಹಳೆ ರೀಲನ್ನು ಓಡಿಸಬೇಡಿ, ಕೈಯಲ್ಲಿ ಸುತ್ತಿ. 8 ಎಂ.ಎಂ., ಸೂಪರ್ 8, 16 ಎಂ.ಎಂ. ಫಿಲ್ಮುಗಳು ಹೆಚ್ಚಾಗಿ ಅಸಿಟೇಟಿನವು. ನಮ್ಮ ಸೆಕೆ ಮತ್ತು ತೇವಕ್ಕೆ ಅಸಿಟೇಟು ಒಳಗೊಳಗೇ ಹುಳಿಯುತ್ತದೆ, ವಿನೆಗರಿನ ವಾಸನೆ ಬರುತ್ತದೆ, ಫಿಲ್ಮು ಕುಗ್ಗುತ್ತದೆ. ನೂರಕ್ಕೆ ಒಂದರಷ್ಟು ಕುಗ್ಗಿದರೂ ಅಂಚಿನ ತೂತು ಪ್ರೊಜೆಕ್ಟರಿನ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಹುಳಿ ವಾಸನೆಯ ರೀಲನ್ನು ಉಳಿದವುಗಳಿಂದ ಬೇರೆ ಇಡಿ, ಆ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ.

ಸುತ್ತುವುದಕ್ಕೆ ಪೇಟೆಯಿಂದ ಯಂತ್ರ ತರಿಸಬೇಕಾಗಿಲ್ಲ. ಒಂದೂವರೆ ಅಡಿಯ ಹಲಗೆ, ಅದರಲ್ಲಿ ಅಡಿಯಂತರದಲ್ಲಿ ಕೆಳಗಿನಿಂದ ಮೇಲಕ್ಕೆ ನಿಲ್ಲಿಸಿದ ಎರಡು ಬೋಲ್ಟು, ರೀಲಿನಡಿಗೆ ಒಂದೊಂದು ವಾಶರ್ ಸಾಕು. ಸೂಪರ್ 8 ರೀಲಿನ ನಡುವಿನ ತೂತು ಸುಮಾರು ಅರ್ಧ ಇಂಚು, ಅದಕ್ಕೆ 12 ಎಂ.ಎಂ. ಬೋಲ್ಟು. ಹಳೆ 8 ಎಂ.ಎಂ. ರೀಲಿನ ತೂತು ಕಿರಿದು, ಪೆನ್ಸಿಲು ನಿಲ್ಲಿಸಿದರೂ ನಡೆಯುತ್ತದೆ. 16 ಎಂ.ಎಂ.ನ ಭಾರದ ರೀಲಿಗೆ ಕಾಲಿಂಚು ಬೋಲ್ಟೇ ಬೇಕು. ಒಂದರಲ್ಲಿ ತುಂಬಿದ ರೀಲು, ಇನ್ನೊಂದರಲ್ಲಿ ಖಾಲಿ ರೀಲು. ಖಾಲಿಯದನ್ನು ಬೀಸುವ ಕಲ್ಲಿನಂತೆ ಬೆರಳಲ್ಲಿ ಮೆಲ್ಲ ತಿರುಗಿಸಿ. ತುಂಬಿದ್ದು ತಾನಾಗಿ ಓಡದಂತೆ ಇನ್ನೊಂದು ಕೈ ಅದರ ಅಂಚಿನ ಮೇಲಿರಲಿ.

ಎಷ್ಟು ಬಿಗಿ? ಇದು ನಮ್ಮ ಕಡೆ ಬೀಡಿ ಕಟ್ಟುವವರ ಬೆರಳಿಗೆ ಗೊತ್ತು. ಸಡಿಲವಾದರೆ ಬಿಚ್ಚಿಕೊಳ್ಳುತ್ತದೆ, ಬಿಗಿಯಾದರೆ ಎಲೆ ಒಡೆಯುತ್ತದೆ. ಸುತ್ತಿದ ಮೇಲೆ ತುದಿ ಹಿಡಿದು ಎಳೆದು ಬಿಗಿ ಮಾಡುವ ಚಾಳಿ ಮಾತ್ರ ಬೇಡ, ಸುತ್ತುಗಳು ಒಂದರ ಮೇಲೊಂದು ಉಜ್ಜಿ ಚಿತ್ರದ ಮೇಲೆ ಗೀರು ಬೀಳುತ್ತದೆ. ಫಿಲ್ಮನ್ನು ಎರಡು ಅಂಚಿನಲ್ಲಷ್ಟೇ ಮುಟ್ಟಿ. ಹಲಗೆಯ ಕೆಳಗೆ ಒಗೆದ ಬಿಳಿ ಬಟ್ಟೆ ಹಾಸಿದರೆ ಜಾರಿ ಬಿದ್ದ ಸುರುಳಿಗೆ ಮಣ್ಣು ತಾಗುವುದಿಲ್ಲ. ಸುತ್ತು ಸುತ್ತಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ಕೈಬಿಡಿ, ಬಲ ಹಾಕಿದರೆ ಚಿತ್ರವೇ ಸುಲಿದು ಬರುತ್ತದೆ. ಬಿಳಿ ಬೂಸ್ಟು ಕಂಡರೆ ಮೂಗಿಗೆ ಬಟ್ಟೆ ಕಟ್ಟಿ, ಹೊರಗೆ ನೆರಳಲ್ಲಿ ಒಣ ಬಟ್ಟೆಯಿಂದ ಹಗುರವಾಗಿ ಒರಸಿ. ನೀರು ತಾಗಿಸಲೇಬೇಡಿ. ತುಂಡಾದಲ್ಲಿ ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಹರಡುತ್ತದೆ. ತುಂಡುಗಳನ್ನು ಕ್ರಮ ತಪ್ಪದಂತೆ ಬೇರೆ ಬೇರೆ ಇಟ್ಟರೆ ಸಾಕು.

ದೊಡ್ಡ 35 ಎಂ.ಎಂ. ರೀಲು ಸಿಕ್ಕಿ, ಅದು 1950ರ ದಶಕಕ್ಕೂ ಹಿಂದಿನದೆಂಬ ಸಂಶಯ ಬಂದರೆ ಇದೊಂದನ್ನೂ ಮಾಡದೆ ಬಲ್ಲವರನ್ನು ಕರೆಯಿರಿ. ಅದು ನೈಟ್ರೇಟು ಇರಬಹುದು, ಬೆಂಕಿಗೆ ಹತ್ತಿರದ ನೆಂಟ.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. 1934ರ ‘ಸತಿ ಸುಲೋಚನ’ ತೆರೆ ಕಂಡ ಮೊದಲ ಕನ್ನಡ ಮಾತಿನ ಚಿತ್ರ, ಇವತ್ತು ನೋಡೋಣವೆಂದರೆ ಒಂದು ಪ್ರತಿಯೂ ಇಲ್ಲ. ಕಂಪೆನಿ ತೆಗೆದ ಸಿನಿಮಾದ ಗತಿಯೇ ಹೀಗಾದರೆ ಮನೆಯವರು ತೆಗೆದ 50 ಅಡಿಯ ಸುರುಳಿಯನ್ನು ಕೇಳುವವರು ಯಾರು? ಅದರಲ್ಲಿರುವುದು ಮೂರು ಚಿಲ್ಲರೆ ನಿಮಿಷ ಮಾತ್ರ, ನಿಜ. ಆದರೆ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಹೊರಟಾಗ ದಾರಿಬದಿಯಲ್ಲಿ ನಿಂತವರಲ್ಲಿ ಒಬ್ಬರ ಕೈಯಲ್ಲಾದರೂ ಕ್ಯಾಮೆರಾ ಇದ್ದಿರಬಹುದಲ್ಲ? 1974ರ ನೆರೆಯಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದಾಗ ಮಾಳಿಗೆಯಿಂದ ಯಾರಾದರೂ ಒಂದು ನಿಮಿಷ ತೆಗೆದಿದ್ದರೆ? ಆ ನಿಮಿಷ ನಿಮ್ಮ ಡಬ್ಬದಲ್ಲಿಲ್ಲ ಎಂದು ಬಿಚ್ಚಿ ನೋಡದೆ ಹೇಳುವುದು ಹೇಗೆ?

ಮೂಡುಬಿದಿರೆಯವರಿಗಂತೂ ನಾನು ಹೇಳಿಕೊಡಬೇಕಾದ್ದು ಏನಿಲ್ಲ. ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಓಲೆಗರಿಗಳನ್ನು ಇದೇ ಮಳೆ, ಇದೇ ಗೆದ್ದಲಿನ ನಡುವೆ ಶತಮಾನಗಳ ಕಾಲ ಕಾಯ್ದ ಊರು ಅದು. ಫಿಲ್ಮು ಕೇಳುವುದೂ ಅಂಥದೇ ಗಮನವನ್ನು. ಹೆಂಚಿನಡಿಯ ಅಟ್ಟದಿಂದ ಇಳಿಸಿ, ಮನೆಯೊಳಗಿನ ತಣ್ಣನೆಯ ಒಣ ಕೋಣೆಯಲ್ಲಿ ಮಲಗಿಸಿ ಇಡಿ. ಗಾಳಿಯಾಡದ ತುಕ್ಕು ಡಬ್ಬ ಬೇಡ, ರಟ್ಟಿನ ಪೆಟ್ಟಿಗೆ ಇರಲಿ. ಡಿಜಿಟಲ್ ಮಾಡಿಸುವುದಾದರೆ ಹಲ್ಲಿನ ಗಾಲಿಯಿಲ್ಲದ ಸ್ಕ್ಯಾನರ್ ಇದೆಯೇ ಎಂದು ಮೊದಲು ಕೇಳಿ. ಪೆನ್‌ಡ್ರೈವ್ ಕೈಗೆ ಬಂದ ಮೇಲೂ ರೀಲು ಎಸೆಯಬೇಡಿ.

ಇನ್ನೊಂದು ಮಾತು. ಸುತ್ತುವಾಗ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊಬೈಲಿನ ಬಿಳಿ ಪರದೆಯ ಮೇಲೆ, ತಾಗಿಸದೆ, ಫಿಲ್ಮು ಹಿಡಿದು ಭೂತಗನ್ನಡಿಯಲ್ಲಿ ತೋರಿಸಿ. “ಇದು ಯಾರು ಅಜ್ಜಿ?” ಎಂದು ಕೇಳಿ, ಅವರು ಹೇಳಿದ ಹೆಸರನ್ನು ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ನಮ್ಮ ಮೂರನೆಯ ರೀಲಿನಲ್ಲಿ ಅಂಗಳ ತುಂಬ ಜನ ಇದ್ದಾರೆ. ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ.