ಜಕಣಾಚಾರಿ, ಮೆಸ್ಸಿ ಮತ್ತು ನಮ್ಮ ಅಹ್ಮದ್ ಖಾನ್

ಮೊನ್ನೆ ಅರಸೀಕೆರೆ ಸ್ಟೇಷನ್ ಹತ್ತಿರ ಹಳೇ ಗೆಳೆಯರೆಲ್ಲ ಸೇರಿದ್ವಿ. ಬೈಟು ಕಾಫಿ ಮುಗಿಯೋ ಹೊತ್ತಿಗೆ ಮಾತು ಫುಟ್‌ಬಾಲ್ ಕಡೆ ತಿರುಗಿತು. ಸಾರ್ವಕಾಲಿಕ ಮೆಚ್ಚಿನ ಐವರು ಆಟಗಾರರು ಯಾರು? ಪೆಲೆ, ಮರಡೋನಾ, ಮೆಸ್ಸಿ, ರೊನಾಲ್ಡೊ, ಜಿದಾನ್. ಒಬ್ಬ ಜಿದಾನ್‌ನನ್ನು ತೆಗೆದು ಕ್ರೈಫ್‌ನನ್ನು ಹಾಕಿದ, ಅಷ್ಟಕ್ಕೇ ದೊಡ್ಡ ಜಗಳ! ನಾನು "ಅಹ್ಮದ್ ಖಾನ್" ಅಂದೆ. "ಯಾರೋ ಅದು?" ಅಂತ ಎಲ್ಲರೂ ನಕ್ಕರು.

ಆ ನಗು ಇನ್ನೂ ಚುಚ್ತಾ ಇದೆ. ಅದಕ್ಕೇ ಬರೀತಿದ್ದೀನಿ.

ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವರು. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆದಾಗ ನಮ್ಮ ಕಡೆಯಿಂದ ಬಂದ ಒಂದೇ ಒಂದು ಗೋಲು ಇವರದು. ಕಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ 'ಪಂಚ ಪಾಂಡವ'ರಲ್ಲಿ ಒಬ್ಬರು. 2017ರಲ್ಲಿ ತೀರಿಕೊಂಡರು.

ಅವರೊಬ್ಬರೇ ಅಲ್ಲ. 1948ರಲ್ಲಿ ಫ್ರಾನ್ಸ್ ಎದುರು ನಾವು 1-2ರಿಂದ ಸೋತೆವಲ್ಲ, ಬಹುತೇಕ ಬರಿಗಾಲಲ್ಲಿ ಆಡಿ? ಆ ಒಂದು ಗೋಲು ಮೈಸೂರು ತಂಡದ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು! 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ ಐವತ್ತನಾಲ್ಕು ವರ್ಷ ಕಾದು 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮತ್ತೆ ಗೆದ್ದಾಗ ಎಷ್ಟು ಜನ ಪಟಾಕಿ ಹೊಡೆದ್ರಿ?

ಮರುದಿನ ಅದೇ ಗೆಳೆಯರ ಜೊತೆ ಹಳೇಬೀಡು, ಬೇಲೂರಿಗೆ ಹೊರಟೆ. ಜಾವಗಲ್ ಬಂದ ಕೂಡಲೇ ಎಲ್ಲರ ಬಾಯಲ್ಲೂ ಶ್ರೀನಾಥ್! ಕ್ರಿಕೆಟ್ಟಾದರೆ ಊರಿನ ಹೆಸರೂ ನೆನಪಿರುತ್ತೆ ನೋಡಿ.

ಬೇಲೂರಲ್ಲಿ ಒಬ್ಬ ಗೆಳೆಯ "ಜಕಣಾಚಾರಿ ಏನ್ ಕೆತ್ತಿದಾನಪ್ಪಾ!" ಅಂದ. ನನಗೆ ತಕ್ಷಣ ಹಿಂದಿನ ದಿನದ ಜಗಳ ನೆನಪಾಯ್ತು. ಜಕಣಾಚಾರಿ ಕಥೆಯಲ್ಲಿ ಇದ್ದಾನೆ. ಆದರೆ ಕಲ್ಲಿನ ಮೇಲೆ ಇರೋದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಎಷ್ಟೋ ರೂವಾರಿಗಳ ಹೆಸರು. ಹಳೇಬೀಡಲ್ಲೂ ವಿಗ್ರಹಗಳ ಕೆಳಗೆ ಹೆಸರುಗಳಿವೆ. ಎದುರಾಳಿ ಶಿಲ್ಪಿಗಳನ್ನು ಮೀರಿಸಿದವನು ಅಂತ ಬಿರುದು ಬೇರೆ (ಯಾರು ದೊಡ್ಡವರು ಅನ್ನೋ ಜಗಳ ಆಗಲೂ ಇತ್ತು ಅನ್ನಿ :)). ಹೆಸರು ಕೆತ್ತಿ ಇಟ್ಟು ಹೋದವರನ್ನು ಬಿಟ್ಟು, ಎಲ್ಲ ಕೀರ್ತಿಯನ್ನೂ ಒಬ್ಬನ ತಲೆಗೆ ಕಟ್ಟೋದು ನಮ್ಮ ಹಳೇ ಚಾಳಿ.

"ಅಹ್ಮದ್ ಖಾನ್ ಆಟ ನೀನು ನೋಡಿದೀಯಾ?" ಅಂತ ಕೇಳಿದರು. ಇಲ್ಲ. ನೀವು ಪೆಲೆ ಆಟ ಮೈದಾನದಲ್ಲಿ ಕೂತು ನೋಡಿದ್ರಾ? ಯಾರೋ ಚಿತ್ರೀಕರಿಸಿ ಉಳಿಸಿದ ತುಣುಕು ನೋಡಿದ್ರಿ ಅಷ್ಟೆ. ನಮ್ಮವರ ಆಟವನ್ನು ಹಾಗೆ ಉಳಿಸಿಕೊಳ್ಳಲಿಲ್ಲ, ಅದು ಅವರ ತಪ್ಪಲ್ಲ.

ಅಹ್ಮದ್ ಖಾನ್ ಪೆಲೆಗಿಂತ ದೊಡ್ಡವರು ಅಂತ ನಾನು ಹೇಳ್ತಿಲ್ಲ. ಅಷ್ಟು ಹುಚ್ಚು ಹಿಡಿದಿಲ್ಲ! ಆದರೆ ಶ್ರೇಷ್ಠ ಬೇರೆ, ಮೆಚ್ಚಿನ ಬೇರೆ. ಶ್ರೇಷ್ಠರ ಪಟ್ಟಿ ಲೋಕಕ್ಕೆಲ್ಲ ಒಂದೇ ಇರಲಿ ಬಿಡಿ. ಮೆಚ್ಚಿನವರ ಪಟ್ಟಿ ಬ್ಯೂನಸ್ ಐರಿಸ್‌ನಲ್ಲೂ ಅರಸೀಕೆರೆಯಲ್ಲೂ ಅಕ್ಷರ ಬಿಡದೆ ಒಂದೇ ಆಗಿದ್ದರೆ, ಅದರಲ್ಲಿ ನೀವು ಎಲ್ಲಿದ್ದೀರಿ ಸ್ವಾಮಿ? ಐದರಲ್ಲಿ ಒಂದು ಜಾಗ ನಮ್ಮ ಮಣ್ಣಿನವರಿಗೆ ಇಡಿ. ಗೊತ್ತಿಲ್ಲದಿದ್ದರೆ ಹಿರಿಯರನ್ನು ಕೇಳಿ.

ನಿಮ್ಮೂರಿನ ಮೈದಾನದಲ್ಲಿ ಆಡಿದ ಒಬ್ಬರ ಬಗ್ಗೆ ನೀವೂ ಬರೀರಿ. ಅಹ್ಮದ್ ಖಾನ್ ನನ್ನ ಪಟ್ಟಿಯಲ್ಲೇ ಇರ್ತಾರೆ. ನಗೋರು ನಗಲಿ.