ಬ್ಲಾಕು ದೊಡ್ಡದಾದರೆ ಬ್ರೇಕೂ ದೊಡ್ಡದಾಗುತ್ತದೆಯೇ?

ಮೈಸೂರಿನ ಅಶೋಕ ರಸ್ತೆ ಆಸುಪಾಸಿನ ಗ್ಯಾರೇಜುಗಳ ಮುಂದೆ ಸಂಜೆ ಹೊತ್ತು ಹತ್ತು ನಿಮಿಷ ನಿಂತರೆ ಸಾಕು, ಎಲ್ಲಾದರೂ ಒಂದು ಆರ್‌ಎಕ್ಸ್ 100 ಹೊಟ್ಟೆ ಬಿಚ್ಚಿಕೊಂಡು ನಿಂತಿರುತ್ತದೆ. ಪಕ್ಕದಲ್ಲಿ ಅದರ ಯಜಮಾನ. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಗಾಡಿ ಅವನಿಗಿಂತ ಹಿರಿಯದು. ಅಪ್ಪ ದಿನಸಿ ಅಂಗಡಿಗೆ ಮೂಟೆ ಸಾಗಿಸಿದ ಗಾಡಿ, ಈಗ ಮಗನ ಕೈಗೆ ಬಂದಿದೆ.

"ಅಣ್ಣ, 135ರ ಬ್ಲಾಕ್ ಹಾಕ್ಬಿಡಿ. ಬೆಟ್ಟಕ್ಕೆ ಡಬಲ್ಸ್ ಹೋದ್ರೆ ಎಳೀತಾನೇ ಇಲ್ಲ."

"ಹಾಕೋದೇನೋ ಹಾಕ್ಬೋದು ಕಣಪ್ಪ. ನಿಮ್ಮಪ್ಪಂಗೆ ಹೇಳಿದ್ಯಾ?"

ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಉತ್ತರ ಗೊತ್ತಾಯಿತಲ್ಲ!

ಈ ಗಾಡಿಯ ಹುಚ್ಚು ಮೈಸೂರಿಗೆ ಹೊಸದಲ್ಲ. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 1985ರಲ್ಲಿ ಇದನ್ನು ಬೀದಿಗೆ ಬಿಟ್ಟಾಗ, ಇದೇ ಊರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 250 ಸಿಸಿಯ ಯೆಜ್ಡಿ ತಯಾರಾಗುತ್ತಿತ್ತು. ಅದರ ಅರ್ಧದಷ್ಟೂ ಇಲ್ಲದ 98 ಸಿಸಿಯ ಈ ಪುಟ್ಟ ಗಾಡಿ ಯೆಜ್ಡಿ ಸವಾರರ ಹೊಟ್ಟೆ ಉರಿಸಿತು. ಕಾರಣ ಬೋರು ದೊಡ್ಡದು ಅಂತಲ್ಲ, ಮೈ ಹಗುರ ಅಂತ. ನೂರು ಕಿಲೋ ಆಸುಪಾಸಿನ ಗಾಡಿ, 11 ಕುದುರೆ ಶಕ್ತಿ. ಆ ಲೆಕ್ಕ ಸರಿಯಾಗಿ ಕೂತಿದ್ದಕ್ಕೇ ಅದಕ್ಕೆ ಇವತ್ತಿಗೂ ಗಿರಾಕಿ. ವಿಧಿಯಾಟ ನೋಡಿ, ಎರಡೂ ನಿಂತದ್ದು ಒಂದೇ ವರ್ಷ, 1996ರಲ್ಲಿ.

ಈಗ ಬ್ಲಾಕಿನ ವಿಷಯಕ್ಕೆ ಬನ್ನಿ. ಆರ್‌ಎಕ್ಸ್ 100ರ ಬೋರು 50 ಎಂಎಂ, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವೂ 50 ಎಂಎಂ. ಅದರ ತಮ್ಮ ಆರ್‌ಎಕ್ಸ್ 135ರಲ್ಲಿ ಓಟ ಅಷ್ಟೇ, ಬೋರು ಮಾತ್ರ 58 ಎಂಎಂ. ಎಂಟು ಎಂಎಂ ತಾನೆ ಅನ್ನಬೇಡಿ. ಸಿಸಿ ಏರುವುದು ಅಗಲದ ವರ್ಗದ ಲೆಕ್ಕದಲ್ಲಿ. 98 ಇದ್ದದ್ದು 132 ಆಗುತ್ತದೆ, ಮೂರನೇ ಒಂದು ಪಾಲಿಗೂ ಹೆಚ್ಚು. ಇದೇ ಆಸೆ ತೋರಿಸಿ ಬಿಗ್ ಬೋರ್ ಕಿಟ್ ಎಂಬ ಹೆಸರಿನಲ್ಲಿ ಬ್ಲಾಕು, ಪಿಸ್ಟನ್, ರಿಂಗು ಎಲ್ಲ ಒಂದೇ ಡಬ್ಬಿಯಲ್ಲಿ ಮಾರುವವರೂ ಇದ್ದಾರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಬೋರಿಂಗ್ ಬೇರೆ, ಬೋರ್ ಕಿಟ್ ಬೇರೆ. ಬ್ಲಾಕು ಸವೆದಾಗ ಕಾಲು ಎಂಎಂ, ಅರ್ಧ ಎಂಎಂ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ರಿಪೇರಿ. ಅರ್ಧ ಎಂಎಂ ಕೊರೆದರೆ ಸಿಸಿ 98ರಿಂದ 100ಕ್ಕೆ ಹೋದೀತು, ಅಷ್ಟೇ. ಅದು ಅಂಗಡಿಯವರು, ಹಾಲಿನವರು, ಪೇಪರ್ ಹಾಕುವವರು ಎಲ್ಲರೂ ಮಾಡಿಸುವ ಕೆಲಸ. ಅದಕ್ಕೆ ಯಾರ ತಕರಾರೂ ಇಲ್ಲ. ಕಿಟ್ ಹಾಕುವುದೆಂದರೆ ಗಾಡಿಯ ಜಾತಕವನ್ನೇ ತಿದ್ದಿದ ಹಾಗೆ.

ತಿದ್ದಿದರೆ ಏನಾಗುತ್ತದೆ? ಬ್ಲಾಕು ಬದಲಾಯಿತು ಸರಿ, ಉಳಿದದ್ದೆಲ್ಲ ಹಳೆಯದೇ. ಹೆಚ್ಚು ಗಾಳಿ ಎಳೆಯುವ ಇಂಜಿನ್ನಿಗೆ ಹೆಚ್ಚು ಪೆಟ್ರೋಲು ಬೇಕು. ಕಾರ್ಬ್ಯುರೇಟರಿನ ಜೆಟ್ಟು ಹೊಂದಿಸದಿದ್ದರೆ ಮಿಶ್ರಣ ತೆಳುವಾಗಿ ಶಾಖ ಏರುತ್ತದೆ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆ ಹೋಗುವ ಆಯಿಲ್ಲೇ ಪ್ರಾಣ. ಆ ಪಂಪಿನ ಲೆಕ್ಕವೂ ತಪ್ಪಿದರೆ ರಿಂಗ್ ರೋಡಿನಲ್ಲಿ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಳ್ಳುತ್ತದೆ. ಹಿಂದೆ ಬಸ್ಸು ಬರುತ್ತಿದ್ದರೆ ಏನು ಕಥೆ? ಅದಲ್ಲದೆ ದಪ್ಪ ಪಿಸ್ಟನ್ನಿನ ತೂಕಕ್ಕೆ ಹಳೆ ಕ್ರ್ಯಾಂಕು ನಡುಗುತ್ತದೆ, ಕ್ಲಚ್ ಪ್ಲೇಟು ಜಾರುತ್ತದೆ. ಒಂದು ಡಬ್ಬಿ ತಂದವನು ಆರು ತಿಂಗಳಲ್ಲಿ ಐದು ಬಿಲ್ಲು ಕಟ್ಟುತ್ತಾನೆ.

ಇಷ್ಟೆಲ್ಲ ಖರ್ಚು ಮಾಡಿ ಬರುವ ವೇಗವೆಷ್ಟು? ಶಕ್ತಿ ಕಾಲು ಭಾಗ ಹೆಚ್ಚಿತೆಂದೇ ಇಟ್ಟುಕೊಳ್ಳಿ. ವೇಗ ಏರಿದಂತೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. ಆದ್ದರಿಂದ 90ರಲ್ಲಿ ನಿಲ್ಲುತ್ತಿದ್ದ ಗಾಡಿ ಬಹಳವೆಂದರೆ 97ಕ್ಕೆ ಹೋದೀತು. ಏಳು ಕಿಲೋಮೀಟರಿಗೆ ಇಷ್ಟು ರಂಪ! ಹೆಚ್ಚುವುದು ಪಿಕಪ್ಪು, ಅಂದರೆ 60ರಿಂದ 75ಕ್ಕೆ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹೋಗುವುದು. ಅಲ್ಲೇ ಇರುವುದು ಅಪಾಯ. 60ರಲ್ಲಿ ಬ್ರೇಕ್ ಹಿಡಿದರೆ ನಿಲ್ಲಲು ಬೇಕಾಗುವ ದೂರಕ್ಕಿಂತ 75ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು ಬೇಕು. ಡ್ರಮ್ ಬ್ರೇಕು ಮಾತ್ರ ಅಪ್ಪನ ಕಾಲದ್ದೇ.

ಹುಡುಗನ ಬೆಟ್ಟದ ಮಾತನ್ನೇ ತೆಗೆದುಕೊಳ್ಳಿ. ಚಾಮುಂಡಿ ಬೆಟ್ಟ ಹತ್ತಲು ದೊಡ್ಡ ಬ್ಲಾಕು ನೆರವಾಗುತ್ತದೆ, ಇಲ್ಲವೆನ್ನುವಂತಿಲ್ಲ. ಆದರೆ ಹತ್ತಿದವನು ಇಳಿಯಲೂ ಬೇಕಲ್ಲ ಸ್ವಾಮಿ? ಟೂ ಸ್ಟ್ರೋಕ್ ಇಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೆ. ಹಿಂದೆ ಅಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ತಿರುವು ಇಳಿಯುವಾಗ ಭಾರವೆಲ್ಲ ಆ ಎರಡು ಡ್ರಮ್ಮುಗಳ ಮೇಲೆ. ಕಾದ ಡ್ರಮ್ಮು ಹಿಡಿಯುವುದಿಲ್ಲ ಎನ್ನುವುದು ಲಾರಿ ಡ್ರೈವರುಗಳಿಗೆಲ್ಲ ಗೊತ್ತು.

ಇನ್ನು ಬೆಂಗಳೂರು ಕಡೆಯ ದೊಡ್ಡ ರಸ್ತೆಯಲ್ಲಿ ವೇಗ ನೋಡೋಣ ಎನ್ನುವವರಿಗೆ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕುಗಳ ಪ್ರವೇಶವೇ ಇಲ್ಲ. ಸರ್ವೀಸ್ ರಸ್ತೆಯೇ ಗತಿ. ಅಲ್ಲಿ ದನ, ಟ್ರ್ಯಾಕ್ಟರು, ಶಾಲೆ ಮಕ್ಕಳು.

ಕಾನೂನಿನ ಮಾತು ಹೇಳಿದರೆ ಹುಡುಗರು ನಗುತ್ತಾರೆ. ಇಂಜಿನ್ ನಂಬರು ಹೊಡೆದಿರುವುದು ಕೆಳಗಿನ ಕೇಸಿನ ಮೇಲೆ, ಬ್ಲಾಕಿನ ಮೇಲಲ್ಲ. ಬ್ಲಾಕು ಬದಲಿಸಿದರೆ ಯಾರಿಗೆ ತಿಳಿಯುತ್ತದೆ ಅನ್ನುವ ಧೈರ್ಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಗದಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಬರೆದಿದ್ದಾರೆ. ವಿಮೆಯವರ ಪಟ್ಟಿಯಲ್ಲಿ 75ರಿಂದ 150 ಸಿಸಿವರೆಗೆ ಒಂದೇ ದರ, 2022ರ ಆದೇಶದಂತೆ 714 ರೂಪಾಯಿ. ಹಾಗಾಗಿ 98 ಆದರೇನು, 132 ಆದರೇನು ಎಂದು ವಾದಿಸುವವರಿದ್ದಾರೆ. ದರ ಒಂದೇ ಇರಬಹುದು, ಕಾಗದದಲ್ಲಿ ಬರೆದದ್ದು ಸುಳ್ಳಾಯಿತಲ್ಲ? ಅಪಘಾತವಾಗಿ ಕೋರ್ಟಿಗೆ ಹೋದ ದಿನ ಎದುರು ಪಾರ್ಟಿಯ ವಕೀಲರು ಇದನ್ನು ಬಿಡುತ್ತಾರೆಯೇ?

ಆರ್‌ಟಿಒ ಸಾಹೇಬರ ಕಣ್ಣಿಗೆ ಬೀಳುವುದು ಸೈಲೆನ್ಸರ್ ಸದ್ದು ಮಾತ್ರ. ಸದ್ದು ಮಾಡುವವನನ್ನು ಹಿಡಿದು ಫೋಟೋ ತೆಗೆಸಿದರೆ ಡ್ಯೂಟಿ ಮುಗಿಯಿತು. ಹಳೆ ಗಾಡಿಗಳು ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಬಂದಾಗ ನಂಬರಿನ ಜೊತೆ ಬ್ಲಾಕನ್ನೂ ನೋಡಲು ಎಷ್ಟು ಹೊತ್ತು ಬೇಕು?

ಎಳೆಯುತ್ತಿಲ್ಲ ಎನ್ನುವ ಹುಡುಗ ಮೊದಲು ಸೈಲೆನ್ಸರ್ ಬಿಚ್ಚಿಸಿ ನೋಡಲಿ. ಆಯಿಲ್ ಸುಟ್ಟ ಮಸಿ ಗಟ್ಟಿ ಕಟ್ಟಿ ಹೊಗೆ ಹೋಗುವ ದಾರಿ ಮುಚ್ಚಿದ್ದರೆ ಯಾವ ಗಾಡಿ ಎಳೆದೀತು? ಡಿಕಾರ್ಬನ್ ಮಾಡಿಸಿ, ರಿಂಗು ನೋಡಿಸಿ, ಬೇಕಿದ್ದರೆ ಓವರ್‌ಸೈಜಿಗೆ ಬೋರಿಂಗ್ ಮಾಡಿಸಲಿ. ಆಮೇಲೂ ಬೆಟ್ಟ ಹತ್ತುವಾಗ ಮುಕ್ಕಿದರೆ ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಒಂದೆರಡು ಹಲ್ಲು ಹೆಚ್ಚಿಸಲಿ. ಮೇಲುವೇಗ ಸ್ವಲ್ಪ ಇಳಿಯುತ್ತದೆ, ಎಳೆತ ಬರುತ್ತದೆ. ಪೇಟೆ ಗಾಡಿಗೆ ಬೇಕಾದದ್ದೂ ಅದೇ.

ಇದೊಂದೂ ಬೇಡ, ಬ್ಲಾಕೇ ಬೇಕು ಎನ್ನುವವನು ಕಡೆಯದಾಗಿ ಒಂದು ಕೇಳಿಕೊಳ್ಳಲಿ. 58ರ ಬ್ಲಾಕಿನ ಕೆಳಭಾಗ ದಪ್ಪ. ಹಳೆ ಕೇಸಿನ ಬಾಯಿಗೆ ಕೂರದಿದ್ದರೆ ಕೇಸನ್ನೇ ಲೇತಿಗೆ ಕೊಟ್ಟು ಕೊರೆಸಬೇಕು. ಬ್ಲಾಕು ಬೇಡವೆನಿಸಿದರೆ ನಾಳೆ ಬಿಚ್ಚಬಹುದು. ಕೊರೆದ ಕೇಸನ್ನು ಮತ್ತೆ ತುಂಬಲಾಗದು. ನಂಬರು ಇರುವುದೂ ಅದೇ ಕೇಸಿನ ಮೇಲೆ.

ಆ ಗಾಡಿ ಮುಂದೆ ಮಾರಾಟಕ್ಕೂ ಬರುತ್ತದೆ. ಕೊಳ್ಳುವವನು ಇದ್ಯಾವುದನ್ನೂ ಅರಿಯದ ಅಂಗಡಿಯವನೋ, ಬಸ್ಸಿಗೆ ಕಾದು ಕಾದು ಸಾಕಾಗಿ ಸೆಕೆಂಡ್ ಹ್ಯಾಂಡ್ ಗಾಡಿಗೆ ಕೈ ಹಾಕಿದ ಗುಮಾಸ್ತನೋ ಆಗಿರುತ್ತಾನೆ. ಅಂಥವರು ಅಡ್ವಾನ್ಸ್ ಕೊಡುವ ಮುಂಚೆ ತಮ್ಮ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಒಳಗಿರುವುದು 50ರ ಬ್ಲಾಕೋ 58ರದ್ದೋ ಎಂದು ನೋಡಿಸಿಕೊಳ್ಳಬೇಕು. ಗ್ಯಾರೇಜಿನವರೂ ಹಾಕಿದ ಪಿಸ್ಟನ್ನಿನ ಅಳತೆಯನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು.