ಕೊಯ್ತಾ ಲೆಕ್ಕಕ್ಕಿದೆ, ಕೂಸು ಲೆಕ್ಕಕ್ಕಿಲ್ಲ

ದಸರಾ ಮುಗಿಯುತ್ತಿದ್ದಂತೆ ವಿಜಯಪುರ, ಕಲಬುರಗಿ ಜಿಲ್ಲೆಗಳ ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಟ್ರ್ಯಾಕ್ಟರಿನ ಟ್ರೇಲರ್ ತುಂಬ ಪಾತ್ರೆ, ಜೋಳದ ಚೀಲ, ಮಕ್ಕಳು. ಗುಳೆ ಹೊರಟ ಸಂಸಾರಗಳು ಗಡಿ ದಾಟಿ ಸಾಂಗ್ಲಿ, ಕೊಲ್ಹಾಪುರ ಸೀಮೆಯ ಕಬ್ಬಿನ ಹೊಲ ಸೇರುತ್ತವೆ. ಅತ್ತ ಬೀಡ್ ಕಡೆಯ ಕಬ್ಬು ಕಡಿಯುವ ಗ್ಯಾಂಗ್‌ಗಳು ನಮ್ಮ ಬೆಳಗಾವಿ ಜಿಲ್ಲೆಗೆ ಬರುತ್ತವೆ. ಈ ಹೋಗಿ ಬರುವುದರ ನಡುವೆ ಮಕ್ಕಳ ಲಸಿಕೆ ಕೈತಪ್ಪುತ್ತದೆ. ಹಂಗಾಮು ಶುರುವಾಗುವ ಮೊದಲೇ ಈ ಮಾತು ಹೇಳಬೇಕು. ದಡಾರ ಕಾಣಿಸಿಕೊಂಡ ಮೇಲೆ ಹೇಳಿ ಉಪಯೋಗವಿಲ್ಲ.

ತಿಂಗಳು ಎಣಿಸಿ ನೋಡಿ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಫೆಬ್ರುವರಿಯಲ್ಲಿ ಹುಟ್ಟಿದ ಕೂಸಿಗೆ 9 ತಿಂಗಳಾಗುವುದು ನವೆಂಬರ್‌ನಲ್ಲಿ, ಅದು ಹೊಲದ ಬದುವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುವಾಗ. ಏಪ್ರಿಲ್‌ನಲ್ಲಿ ಊರಿಗೆ ಮರಳುವಾಗ ಅದಕ್ಕೆ 14 ತಿಂಗಳು. ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದಾದರೆ 10 ಮತ್ತು 14 ವಾರಗಳ ಪೆಂಟಾವೇಲೆಂಟ್, ಪೋಲಿಯೊ ಡೋಸ್‌ಗಳ ದಿನವೂ ಹೊಲದಲ್ಲೇ ಕಳೆಯುತ್ತದೆ.

ಜೋಪಡಿಗಳ ಸಾಲಿಗೆ ನರ್ಸ್ ಬಂದರೂ ಮಾತು ಎಲ್ಲಿ ನಿಲ್ಲುತ್ತದೆ ಎಂಬುದು ಆ ಕಡೆಯವರಿಗೆ ಗೊತ್ತು. "ತಾಯಿ ಕಾರ್ಡ್ ಎಲ್ಲೈತಿ, ತಂಗಿ?" "ಊರಾಗ ಟ್ರಂಕಿನ್ಯಾಗ ಉಳದೈತ್ರಿ, ಬಾಯಾರ. ಎರಡ ಸಲ ಸೂಜಿ ಹಾಕ್ಯಾರ್ರಿ, ಯಾವುದಂತ ಗೊತ್ತಿಲ್ಲ." ನರ್ಸ್ ಮಗುವಿನ ಎಡತೋಳು ತಿರುಗಿಸಿ ಬಿಸಿಜಿ ಕಲೆ ಹುಡುಕುತ್ತಾರೆ. ಆಗ ಆ ಮಗುವಿನ ಬಳಿ ಇರುವ ದಾಖಲೆ ಅದೊಂದೇ. ನಾವು ದಡಾರ, ಗೊಬ್ಬರ ಎನ್ನುವುದನ್ನು ಗಡಿಯಾಚೆ ಗೋವರ ಎನ್ನುತ್ತಾರೆ. ರೋಗ ಒಂದೇ, ರಿಜಿಸ್ಟರ್ ಎರಡು, ಒಂದರಲ್ಲಿರುವ ಮಗುವಿನ ಹೆಸರು ಇನ್ನೊಂದರಲ್ಲಿಲ್ಲ.

ಇದನ್ನು ತಾಯಂದಿರ ಅಸಡ್ಡೆ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಕಬ್ಬು ಕಡಿತದ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಕೂಲಿ ಟನ್ ಲೆಕ್ಕದಲ್ಲಿ. ಲಸಿಕೆಗೆಂದು ಒಬ್ಬರು ಹೊಲ ಬಿಟ್ಟರೆ ಆ ದಿನದ ಟನ್ ಇಳಿಯುತ್ತದೆ, ಕೂಲಿ ಗುತ್ತಿಗೆದಾರ ಮುಕದ್ದಮನಿಂದ ಪಡೆದ ಮುಂಗಡ ತೀರುವುದು ಅಷ್ಟು ತಡವಾಗುತ್ತದೆ.

ದಡಾರದ ವೈರಾಣು ರೋಗಿ ಎದ್ದುಹೋದ ಮೇಲೂ 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಅದನ್ನು ತಡೆಯಲು ಸಮುದಾಯದ 95%ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಲ್ಲಿ, ಮಾಲೇಗಾಂವ್‌ನಲ್ಲಿ ದಡಾರ ಹಬ್ಬಿತು, ಮುಂಬೈಯಲ್ಲಿ ಮಕ್ಕಳು ಸತ್ತರು. ಲಸಿಕೆ ಇಲ್ಲದ ಮಕ್ಕಳು ಒತ್ತೊತ್ತಾಗಿ ಇರುವ ಕಡೆ ಅದು ನುಗ್ಗುತ್ತದೆ. ಒಂದಕ್ಕೊಂದು ಅಂಟಿ ನಿಂತ ಜೋಪಡಿಗಳು, ಅರೆಹೊಟ್ಟೆಯ ಮಕ್ಕಳು, ಆಸ್ಪತ್ರೆ ದೂರ: ಕಬ್ಬಿನ ಹೊಲದಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇದೆ.

ಮಾಡಬೇಕಾದದ್ದು ಹೊಸದೇನಲ್ಲ. ಪೋಲಿಯೊ ಅಭಿಯಾನದಲ್ಲಿ ಇಟ್ಟಿಗೆ ಭಟ್ಟಿಗಳನ್ನೂ ವಲಸೆ ಗುಡಿಸಲುಗಳನ್ನೂ ಒಂದೊಂದಾಗಿ ಪಟ್ಟಿ ಮಾಡಿದ ದೇಶ ಇದು. ನೇಪಾಳ ಗಡಿಯಲ್ಲಿ ನಿಂತು ಹನಿ ಹಾಕಿದ್ದೂ ಉಂಟು. ಯಾವ ಹಳ್ಳಿಗೆ ಎಷ್ಟು ಕೊಯ್ತಾ ಬಂದಿವೆ ಎಂಬುದು ಸಕ್ಕರೆ ಕಾರ್ಖಾನೆಗಳಿಗೆ ಗೊತ್ತಿರುತ್ತದೆ. ಅದೇ ಹಾಳೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೂ ಒಂದು ಕಾಲಂ ಇರಲಿ, ಹಾಳೆ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಲಸಿಕೆ ಶಿಬಿರ ಸಂಜೆ, ಕಡಿತ ಮುಗಿದ ಮೇಲೆ, ಜೋಪಡಿ ಮುಂದೆಯೇ ನಡೆಯಲಿ. ಗುಳೆ ಹೊರಡುವ ಮುನ್ನ ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನ ಫೋಟೊ ತೆಗೆದು ಆ ಸಂಸಾರದವರ ಫೋನಿಗೆ ಹಾಕಿಕೊಡಲಿ. ಲಸಿಕೆ ದಾಖಲಿಸುವ ಯು-ವಿನ್ ಪೋರ್ಟಲ್‌ನಲ್ಲಿ ಹೆಸರು ಸೇರಿದರೆ ದೇಶದಲ್ಲಿ ಎಲ್ಲೇ ಆದರೂ ಮುಂದಿನ ಡೋಸ್ ಪಡೆಯಬಹುದು, ಆದರೆ ಸೇರಿಸುವ ಕೆಲಸ ಹೊರಡುವ ಮುನ್ನ ಊರಿನಲ್ಲೇ ಆದರೆ ಒಳ್ಳೆಯದು. 9 ತಿಂಗಳ ಡೋಸ್ ತಪ್ಪಿದ್ದರೆ ಐದು ವರ್ಷದೊಳಗೆ ಕೊಡಿಸಬಹುದು ಎಂಬುದನ್ನೂ ತಾಯಂದಿರಿಗೆ ತಿಳಿಸಿ ಕಳಿಸಬೇಕು.

ಬೆಳಗಾವಿ, ವಿಜಯಪುರ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಕಾರ್ಖಾನೆಗಳ ಬಾಯ್ಲರ್ ಪೂಜೆಗೆ ಮುಂಚೆ ಒಂದು ದಿನ ಒಟ್ಟಿಗೆ ಕೂರಲಿ. ಬರುವ, ಹೋಗುವ ಮಕ್ಕಳ ಪಟ್ಟಿಯನ್ನು ಅಲ್ಲೇ ಕೈಬದಲಿಸಿಕೊಳ್ಳಲಿ.